ಕೃತಿಕಾರರ ತಂತ್ರಾಂಶ ಸೇವೆಗಳು ಮತ್ತು ಅವುಗಳ ಬೆಲೆಯ ನಿಷ್ಕರ್ಷೆ: ಒಂದು ಚಾರಿತ್ರಿಕ ವಿವೇಚನೆ (೧೯೮೨–೨೦೨೫)

೧. ಪೀಠಿಕೆ

ದೇವಾಲಯದಲ್ಲಿ ನಂದಾದೀವಿಗೆಯನ್ನು ನಿಲ್ಲಿಸಿದ ದಾನಿಯು, ಅದು ಆಚಂದ್ರಾರ್ಕವಾಗಿ ಉರಿಯಲೆಂದು ಬರೆಯಿಸಿದುದರ ಜೊತೆಗೆ ಅದರ ಎಣ್ಣೆಯು ಯಾವ ಭೂಮಿಯ ಹುಟ್ಟುವಳಿಯಿಂದ, ಯಾವ ಗಾಣದ ಆಯದಿಂದ ಬರತಕ್ಕುದೆಂಬುದನ್ನೂ ಬರೆಯಿಸುತ್ತಿದ್ದನು. ನಮ್ಮ ನಾಡಿನ ದಾನಶಾಸನಗಳನ್ನು ಓದಿದವರಿಗೆ ಇದು ಸುಪರಿಚಿತವಾದ ಸಂಗತಿ. ಶಾಶ್ವತತೆಯ ಮಾತು ಎಷ್ಟೇ ಉದಾತ್ತವಾಗಿರಲಿ, ಆದಾಯದ ಮೂಲವನ್ನು ಹೇಳದ ದತ್ತಿಯು ಬಹುಕಾಲ ನಡೆಯಲಾರದೆಂಬುದನ್ನು ಅವರು ಬಲ್ಲವರಾಗಿದ್ದರು.

ಕಳೆದ ನಾಲ್ಕು ದಶಕಗಳಲ್ಲಿ ಲೇಖಕರು, ಸಂಗೀತಗಾರರು, ಚಿತ್ರಕಾರರು, ಗಣಕದ ಆಟಗಳನ್ನು ರಚಿಸುವವರು ಮೊದಲಾದವರಿಗಾಗಿ ಒಬ್ಬಿಬ್ಬರು ಅಥವಾ ಕೆಲವೇ ಮಂದಿ ಸೇರಿ ಹಲವು ತಂತ್ರಾಂಶಗಳನ್ನೂ ಅಂತರ್ಜಾಲದ ಸೇವೆಗಳನ್ನೂ ಕಟ್ಟಿದ್ದಾರೆ. ಈ ಸೇವೆಗಳನ್ನು ಬಳಸುವವರನ್ನು ಒಟ್ಟಾಗಿ 'ಕೃತಿಕಾರರು' ಎಂದು ಕರೆಯೋಣ. ಅಂತಹ ಸೇವೆಗಳಿಗೆ ಬೆಲೆಯನ್ನು ಹೇಗೆ ಕಟ್ಟಲಾಯಿತು, ಆ ಬೆಲೆಯ ಸ್ವರೂಪವು ಸೇವೆಯ ಆಯುಸ್ಸನ್ನು ಹೇಗೆ ನಿರ್ಧರಿಸಿತು ಎಂಬುದನ್ನು ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

ಇಷ್ಟು ಈಚಿನ ವಿಷಯವನ್ನು ಚರಿತ್ರೆಯ ವಿಭಾಗದ ಸಂಚಿಕೆಯಲ್ಲಿ ಎತ್ತಿಕೊಂಡುದಕ್ಕೆ ಸಮಾಧಾನ ಹೇಳಬೇಕಾದುದು ನ್ಯಾಯ. ಕಾರಣಗಳು ಎರಡು. ಬೆಲೆಗಳ ಇತಿಹಾಸವು ನಮ್ಮ ಶಾಸ್ತ್ರದ ಹಳೆಯ ಶಾಖೆಗಳಲ್ಲೊಂದು. ಕೊಡುವವನಿಗೂ ಕೊಳ್ಳುವವನಿಗೂ ಇದ್ದ ಸಂಬಂಧವನ್ನು ಬೆಲೆಯಷ್ಟು ನಿಸ್ಸಂದಿಗ್ಧವಾಗಿ ತೋರಿಸುವ ದಾಖಲೆ ಬೇರೊಂದು ವಿರಳ. ಎರಡನೆಯದು ಇದಕ್ಕಿಂತ ಮುಖ್ಯವಾದುದು. ನಮ್ಮ ಕಾಲದ ಕಥೆ, ಕವಿತೆ, ದಿನಚರಿ, ಪತ್ರ, ಹಾಡುಗಳಲ್ಲಿ ಬಹುಭಾಗ ಇಂದು ಇಂತಹ ಸೇವೆಗಳ ಗಣಕಗಳಲ್ಲಿದೆ. ಸೇವೆಯು ನಿಂತರೆ ಬರವಣಿಗೆಯೂ ಅದರೊಡನೆ ಹೋಗಬಹುದು. ೧೯೯೪ರಲ್ಲಿ ಪ್ರಾರಂಭವಾಗಿ, ಸಾಮಾನ್ಯರು ತಮ್ಮ ಪುಟಗಳನ್ನು ಉಚಿತವಾಗಿ ಇಟ್ಟುಕೊಳ್ಳಲು ಆಸ್ಪದವಿತ್ತಿದ್ದ ಜಿಯೋಸಿಟೀಸ್ ಎಂಬ ತಾಣವನ್ನು ಯಾಹೂ ಸಂಸ್ಥೆಯು ೧೯೯೯ರಲ್ಲಿ ಕೊಂಡು, ೨೦೦೯ರ ಅಕ್ಟೋಬರಿನಲ್ಲಿ ಮುಚ್ಚಿತು. ಸ್ವಯಂಸೇವಕರು ಅವಸರದಿಂದ ನಕಲು ಮಾಡಿಕೊಂಡುದರಿಂದಲೇ ಅದರ ಪುಟಗಳಲ್ಲಿ ಎಷ್ಟೋ ಉಳಿದವು. ಮುಂದಿನ ಚರಿತ್ರಕಾರನಿಗೆ ಆಕರವೇನು ಉಳಿದೀತೆಂಬ ಪ್ರಶ್ನೆಗೆ ಇಂದಿನ ಬೆಲೆಯ ಪಟ್ಟಿಯಲ್ಲಿ ಅರ್ಧ ಉತ್ತರವಿದೆಯೆಂದರೆ ಅತಿಶಯೋಕ್ತಿಯಾಗದು.

೨. ಕಾಣಿಕೆಯ ಕಾಲ

ಸಣ್ಣ ಸ್ವತಂತ್ರ ತಂತ್ರಾಂಶದ ಚರಿತ್ರೆಯನ್ನು ೧೯೮೨ರಿಂದ ಪ್ರಾರಂಭಿಸುವುದು ಯುಕ್ತ. ಆ ವರ್ಷ ಕ್ಯಾಲಿಫೋರ್ನಿಯದ ಆಂಡ್ರ್ಯೂ ಫ್ಲೂಗಲ್‌ಮನ್ ಎಂಬುವರು ಪಿಸಿ-ಟಾಕ್ ಎಂಬ ಸಂಪರ್ಕ ತಂತ್ರಾಂಶವನ್ನು ಯಾರು ಬೇಕಾದರೂ ನಕಲು ಮಾಡಿಕೊಳ್ಳಬಹುದೆಂದು ಬಿಟ್ಟುಕೊಟ್ಟು, ಉಪಯುಕ್ತವೆಂದು ಕಂಡವರು ೨೫ ಡಾಲರು ಕಳುಹಿಸಬೇಕೆಂದು ಕೋರಿದರು. ಬಹುಮಟ್ಟಿಗೆ ಅದೇ ಸಮಯದಲ್ಲಿ ಜಿಮ್ ನಾಫ್ ಎಂಬುವರು ಪಿಸಿ-ಫೈಲ್ ಎಂಬ ತಂತ್ರಾಂಶವನ್ನು ೧೦ ಡಾಲರಿನ ಕೋರಿಕೆಯೊಡನೆ ಹಂಚುತ್ತಿದ್ದರು. ಇಬ್ಬರಿಗೂ ಪರಸ್ಪರ ಪರಿಚಯವಾದ ಮೇಲೆ ನಾಫ್ ಅವರೂ ೨೫ ಡಾಲರಿಗೆ ಏರಿಸಿದರು. ತನ್ನ ಕೆಲಸಕ್ಕೆ ಎಷ್ಟು ಕೇಳಬೇಕೆಂದು ತಿಳಿಯದ ಒಂಟಿ ಕೆಲಸಗಾರನು ನೆರೆಯವನ ಬೆಲೆಯನ್ನು ನೋಡಿ ತನ್ನದನ್ನು ಕಟ್ಟುವುದು, ಮತ್ತು ಮೊದಲ ಬೆಲೆಯು ತೀರ ಕಡಮೆಯಾಗಿರುವುದು, ಈ ಚರಿತ್ರೆಯಲ್ಲಿ ಮುಂದೆಯೂ ಪದೇ ಪದೇ ಕಂಡುಬರುವ ಲಕ್ಷಣಗಳು.

ಲೇಖಕರ ದೃಷ್ಟಿಯಿಂದ ಹೆಚ್ಚು ಗಮನಾರ್ಹವಾದುದು ಪಿಸಿ-ರೈಟ್ ಎಂಬ ಬರೆಯುವ ತಂತ್ರಾಂಶ. ಮೈಕ್ರೋಸಾಫ್ಟ್ ಸಂಸ್ಥೆಯ ಮೊದಲ ಕೆಲಸಗಾರರಲ್ಲೊಬ್ಬರಾದ ಬಾಬ್ ವಾಲೆಸ್ ೧೯೮೩ರಲ್ಲಿ ಅಲ್ಲಿಂದ ಹೊರಬಂದು, ಕ್ವಿಕ್‌ಸಾಫ್ಟ್ ಎಂಬ ಸಣ್ಣ ಸಂಸ್ಥೆಯಿಂದ ಇದನ್ನು ಹೊರತಂದರು. ನಕಲು ಮಾಡಿಕೊಳ್ಳಲು ತಡೆಯಿಲ್ಲ; ಹಣ ಕೊಟ್ಟು ನೋಂದಾಯಿಸಿಕೊಂಡವರಿಗೆ ಕೈಪಿಡಿಯೂ ನೆರವೂ ದೊರೆಯುತ್ತಿದ್ದವು. ನೋಂದಾಯಿಸಿದವನು ಹಂಚಿದ ನಕಲಿನಿಂದ ಮತ್ತೊಬ್ಬನು ನೋಂದಾಯಿಸಿಕೊಂಡರೆ, ಮೊದಲನೆಯವನಿಗೆ ೨೫ ಡಾಲರು ಸಲ್ಲುತ್ತಿತ್ತು. ಹಂಚುವವನನ್ನೇ ಪಾಲುಗಾರನನ್ನಾಗಿ ಮಾಡಿದ ಈ ಏರ್ಪಾಡು ಬಹು ಚತುರವಾದುದು.

ಈ ಕ್ರಮದ ಒಂದು ಅನುಕೂಲವನ್ನು ಮರೆಯುವಂತಿಲ್ಲ. ತಂತ್ರಾಂಶವು ಒಮ್ಮೆ ಬಳಕೆದಾರನ ಗಣಕವನ್ನು ಸೇರಿದ ಮೇಲೆ ಮಾಡಿದವನಿಗೆ ಅದರಿಂದ ನಿತ್ಯದ ವೆಚ್ಚವಿರಲಿಲ್ಲ. ಅಂತರ್ಜಾಲದ ಸೇವೆಯ ಸ್ಥಿತಿ ಇದಕ್ಕೆ ವಿರುದ್ಧವಾದುದು. ಅಲ್ಲಿ ಬಳಕೆದಾರನ ಪುಟಗಳನ್ನು ಇಟ್ಟುಕೊಳ್ಳುವ ಸರ್ವರುಗಳಿಗೆ ತಿಂಗಳು ತಿಂಗಳೂ ಬಾಡಿಗೆ ತೆರಬೇಕು. ಬ್ಲಾಗರ್ ಸೇವೆಯ ಕಥೆಯಿಂದ ಇದು ಸ್ಪಷ್ಟಪಡುತ್ತದೆ. ಪೈರಾ ಲ್ಯಾಬ್ಸ್ ಎಂಬ ಸಣ್ಣ ಸಂಸ್ಥೆಯು ೧೯೯೯ರಲ್ಲಿ ಇದನ್ನು ಉಚಿತವಾಗಿ ತೆರೆಯಿತು. ಬಳಕೆದಾರರು ಹೆಚ್ಚಿದಂತೆ ವೆಚ್ಚವೂ ಹೆಚ್ಚಿ, ಹೊಸ ಸರ್ವರು ಕೊಳ್ಳಲು ಬಳಕೆದಾರರಲ್ಲಿಯೇ ಚಂದಾ ಎತ್ತಬೇಕಾಯಿತು. ೨೦೦೧ರ ಪ್ರಾರಂಭದಲ್ಲಿ ಸಂಬಳಕ್ಕೆ ಹಣವಿಲ್ಲದೆ ಉಳಿದವರೆಲ್ಲ ಹೊರಟುಹೋಗಲು, ಇವಾನ್ ವಿಲಿಯಮ್ಸ್ ಒಬ್ಬರೇ ಕೆಲಕಾಲ ಅದನ್ನು ನಡೆಯಿಸಿದರು. ೨೦೦೨ರಲ್ಲಿ ವರ್ಷಕ್ಕೆ ೩೫ ಡಾಲರಿನ ವಿಶೇಷ ಖಾತೆಯನ್ನು ತೆರೆದುದೂ ಉಂಟು. ೨೦೦೩ರ ಫೆಬ್ರವರಿಯಲ್ಲಿ ಗೂಗಲ್ ಸಂಸ್ಥೆಯು ಅದನ್ನು ಕೊಂಡುಕೊಂಡಿತು. ಕಾಣಿಕೆಯು ಒಂದು ಸರ್ವರನ್ನು ಕೊಳ್ಳಲು ಸಾಕಾಯಿತು. ವರ್ಷವರ್ಷವೂ ನಡೆಯುವ ಸೇವೆಗೆ ಆಧಾರವಾಗಲು ಸಾಕಾಗಲಿಲ್ಲ.

೩. ಒಂದೇ ಸಲದ ಬೆಲೆ ಮತ್ತು ವಾರ್ಷಿಕ ಚಂದಾ

ಬಳಕೆದಾರನಿಂದಲೇ ಬೆಲೆಯನ್ನು ಪಡೆದು ನಿಂತ ಸೇವೆಗಳಲ್ಲಿ ಪಿನ್‌ಬೋರ್ಡ್ ಚರಿತ್ರಕಾರನಿಗೆ ವಿಶೇಷ ಪ್ರಯೋಜನವುಳ್ಳ ಉದಾಹರಣೆ. ಓದಿದ ಪುಟಗಳ ವಿಳಾಸಗಳನ್ನು ಗುರುತು ಹಾಕಿ ಇಟ್ಟುಕೊಳ್ಳುವ ಈ ಸೇವೆಯನ್ನು ೨೦೦೯ರಲ್ಲಿ ಮಾಚೇಯ್ ಚೆಗ್ವೋಫ್‌ಸ್ಕಿ ಅವರು ತೆರೆದರು. ಇದರ ಪ್ರತಿಸ್ಪರ್ಧಿಯಾದ ಡಿಲಿಷಸ್ ೨೦೦೩ರಲ್ಲಿ ಹುಟ್ಟಿ, ೨೦೦೫ರಲ್ಲಿ ಯಾಹೂ ಸಂಸ್ಥೆಗೆ ಮಾರಾಟವಾಗಿದ್ದ ಉಚಿತ ಸೇವೆ.

ಪಿನ್‌ಬೋರ್ಡಿನ ಪ್ರವೇಶಶುಲ್ಕವು ಒಂದೇ ಸಲ ಕೊಡತಕ್ಕದ್ದಾಗಿದ್ದು, ಹೊಸದಾಗಿ ಸೇರುವ ಪ್ರತಿಯೊಬ್ಬನಿಂದಲೂ ಒಂದು ಸೆಂಟಿನ ಹತ್ತನೆಯ ಒಂದು ಭಾಗದಷ್ಟು ಏರುತ್ತಿತ್ತು. ಇದರಿಂದ ಎರಡು ಫಲಗಳಾದವು. ಮುಂದೆ ಬೆಲೆ ಹೆಚ್ಚುವುದೆಂದು ತಿಳಿದವರು ಬೇಗ ಸೇರಿದರು. ಹಣ ಕೊಡಲು ಮನಸ್ಸಿಲ್ಲದ, ಮೋಸದ ಜಾಹೀರಾತುಗಳನ್ನು ತುಂಬುವವರು ದೂರ ಉಳಿದರು. ೨೦೧೦ರ ಡಿಸೆಂಬರಿನಲ್ಲಿ ಡಿಲಿಷಸ್ ನಿಲ್ಲಲಿದೆಯೆಂಬ ಸುದ್ದಿ ಹರಡಿದಾಗ ಅಲ್ಲಿನವರು ಹಣ ಕೊಟ್ಟು ಪಿನ್‌ಬೋರ್ಡಿಗೆ ಬಂದರು. ೨೦೧೧ರಲ್ಲಿ ಡಿಲಿಷಸ್ ಹೊಸ ಒಡೆಯರ ಕೈಯಲ್ಲಿ ರೂಪ ಬದಲಾಯಿಸಿದಾಗ, ಜನಪ್ರಿಯ ಕಥೆಗಳ ಪಾತ್ರಗಳನ್ನು ಮುಂದುವರಿಸಿ ಬರೆಯುವ ಹವ್ಯಾಸಿ ಲೇಖಕರ ಸಮುದಾಯವು ತಮ್ಮ ಕಥೆಗಳ ಸೂಚಿಯನ್ನು ಕಳೆದುಕೊಂಡು ಇಲ್ಲಿಗೆ ವಲಸೆ ಬಂದಿತು. ತಮಗೆ ಬೇಕಾದ ಅನುಕೂಲಗಳನ್ನು ಅವರು ಒಟ್ಟಾಗಿ ಕುಳಿತು ಹಲವು ಹತ್ತು ಪುಟಗಳ ಬಿನ್ನಹವಾಗಿ ಬರೆದು ಒಪ್ಪಿಸಿದರು. ಹಣ ಕೊಡುವವನ ಬಿನ್ನಹಕ್ಕೆ ಉತ್ತರ ಹೇಳುವ ಹೊಣೆ ಸೇವೆಯ ಒಡೆಯನಿಗೆ ತಾನಾಗಿ ಬರುತ್ತದೆಂಬುದು ಇಲ್ಲಿ ಕಾಣುವ ಸಂಗತಿ.

ಆದರೆ ಒಂದೇ ಸಲದ ಬೆಲೆಗೆ ಒಂದು ದೋಷವಿದೆ. ಆದಾಯವು ಹೊಸದಾಗಿ ಸೇರುವವರಿಂದ ಮಾತ್ರ ಬರುತ್ತದೆ. ವೆಚ್ಚವಾದರೋ ಹಿಂದೆ ಸೇರಿದ ಎಲ್ಲರಿಗಾಗಿಯೂ ಆಗುತ್ತಿರುತ್ತದೆ. ಹೊಸಬರ ಪ್ರವಾಹ ತಗ್ಗಿದೊಡನೆ ಹಳಬರ ಹೊರೆ ಕಾಣಿಸಿಕೊಳ್ಳುತ್ತದೆ. ಆಚಂದ್ರಾರ್ಕದ ಮಾತನ್ನು ಕೊಟ್ಟು ಒಂದು ವರ್ಷದ ಎಣ್ಣೆಯನ್ನಷ್ಟೇ ಪಡೆದಂತೆ ಇದು. ಆದುದರಿಂದ ೨೦೧೫ರಲ್ಲಿ ಪಿನ್‌ಬೋರ್ಡ್ ಹೊಸ ಸದಸ್ಯರಿಗೆ ವರ್ಷಕ್ಕೆ ೧೧ ಡಾಲರಿನ ಚಂದಾವನ್ನು ಗೊತ್ತುಮಾಡಿತು. ೨೦೧೭ರಲ್ಲಿ ಅದು ಡಿಲಿಷಸ್ ಸೇವೆಯನ್ನೇ ೩೫,೦೦೦ ಡಾಲರಿಗೆ ಕೊಂಡುಕೊಂಡಿತು. ಒಂದು ಕಾಲಕ್ಕೆ ಬಹು ದೊಡ್ಡ ಸಂಸ್ಥೆಯೊಂದು ಅಪಾರ ಹಣ ತೆತ್ತು ಕೊಂಡಿದ್ದ ಉಚಿತ ಸೇವೆಯನ್ನು, ಚಂದಾದ ಮೇಲೆ ನಿಂತ ಒಬ್ಬ ಮನುಷ್ಯನ ಸೇವೆಯು ಕೊನೆಗೆ ಕೊಂಡುದು ಈ ಚರಿತ್ರೆಯ ಅತ್ಯಂತ ಅರ್ಥವತ್ತಾದ ಘಟನೆಗಳಲ್ಲೊಂದು.

೪. ಮಾರಾಟದಲ್ಲಿ ಪಾಲು

ಕೃತಿಕಾರನು ತನ್ನ ಕೃತಿಯನ್ನು ಮಾರಿದಾಗ ಅದರಲ್ಲಿ ಇಂತಿಷ್ಟು ಪಾಲನ್ನು ಪಡೆಯುವುದು ಬೇರೊಂದು ಕ್ರಮ. ಇದು ವಾರದ ಪದ್ಧತಿಯನ್ನು ಹೋಲುತ್ತದೆ: ಬೆಳೆ ಬಂದರೆ ಪಾಲು, ಬಾರದಿದ್ದರೆ ಇಲ್ಲ. ೨೦೦೮ರಲ್ಲಿ ಪ್ರಾರಂಭವಾದ ಬ್ಯಾಂಡ್‌ಕ್ಯಾಂಪ್ ಸಂಗೀತಗಾರರಿಂದ ಧ್ವನಿಮುದ್ರಿಕೆಯ ಮಾರಾಟದಲ್ಲಿ ಶೇಕಡಾ ೧೫ನ್ನು ಪಡೆದು, ಮಾರಾಟವು ೫,೦೦೦ ಡಾಲರನ್ನು ಮೀರಿದ ಮೇಲೆ ಅದನ್ನು ಶೇಕಡಾ ೧೦ಕ್ಕೆ ಇಳಿಸುವ ಕ್ರಮವನ್ನಿಟ್ಟುಕೊಂಡಿತು. ೨೦೧೭ರಲ್ಲಿ ಹುಟ್ಟಿದ ಸಬ್‌ಸ್ಟ್ಯಾಕ್ ಲೇಖಕರ ಚಂದಾ ಹಣದಲ್ಲಿ ಶೇಕಡಾ ೧೦ನ್ನು ಗೊತ್ತುಮಾಡಿತು. ಲೀಫ್ ಕೋರ್ಕೋರನ್ ಅವರು ೨೦೧೩ರಲ್ಲಿ ತೆರೆದ ಇಚ್ ಡಾಟ್ ಐಓ ಎಂಬ ಆಟಗಳ ತಾಣವು ೨೦೧೫ರಲ್ಲಿ ಇನ್ನೂ ಮುಂದೆ ಹೋಗಿ, ತಾಣಕ್ಕೆ ಎಷ್ಟು ಪಾಲು ಸಲ್ಲಬೇಕೆಂಬುದನ್ನು ಮಾರುವವನೇ ನಿರ್ಧರಿಸಬಹುದೆಂದು ಸಾರಿತು. ಶೇಕಡಾ ೧೦ ಎಂಬುದು ಅಲ್ಲಿ ಸೂಚನೆ ಮಾತ್ರ, ಮಾರುವವನು ಅದನ್ನು ಸೊನ್ನೆಗೂ ಇಳಿಸಬಹುದು.

ಪಾಲಿನ ಕ್ರಮ ಯಾರಿಗೆ ಹಿತ, ನಿಶ್ಚಿತ ಚಂದಾ ಯಾರಿಗೆ ಹಿತ ಎಂಬುದನ್ನು ಕಲ್ಪಿತ ಲೆಕ್ಕವೊಂದರಿಂದ ತಿಳಿಯಬಹುದು. ಲೇಖಕನೊಬ್ಬನಿಗೆ ತಿಂಗಳಿಗೆ ೫ ಡಾಲರು ಕೊಡುವ ೨೦ ಓದುಗರಿದ್ದಾರೆನ್ನೋಣ. ಆದಾಯ ೧೦೦ ಡಾಲರು. ಶೇಕಡಾ ೧೦ರಂತೆ ಸೇವೆಗೆ ಸಲ್ಲುವುದು ೧೦ ಡಾಲರು. ತಿಂಗಳಿಗೆ ೩೦ ಡಾಲರಿನ ನಿಶ್ಚಿತ ಚಂದಾ ಇವನಿಗೆ ಭಾರವಾದೀತು. ಓದುಗರ ಸಂಖ್ಯೆ ೬೦ಕ್ಕೆ ಮುಟ್ಟಿದಾಗ ಎರಡೂ ಸಮ. ೫೦೦ ಓದುಗರಿರುವವನಿಗೆ ಆದಾಯ ೨,೫೦೦ ಡಾಲರು, ಪಾಲು ೨೫೦ ಡಾಲರು. ಎಂದರೆ ವರ್ಷಕ್ಕೆ ೩,೦೦೦ ಡಾಲರು. ನಿಶ್ಚಿತ ಚಂದಾದಲ್ಲಿ ಅದೇ ಸೇವೆ ಅವನಿಗೆ ವರ್ಷಕ್ಕೆ ೩೬೦ ಡಾಲರಿಗೆ ದೊರೆಯುತ್ತಿತ್ತು. ಹೀಗೆ ಪಾಲಿನ ಕ್ರಮವು ಹೊಸಬನನ್ನು ಕೈಹಿಡಿಯುತ್ತದೆ, ಬೆಳೆದವನನ್ನು ಹೊರದೂಡುತ್ತದೆ. ಚಂದಾದ ಕ್ರಮವು ಬೆಳೆದವನನ್ನು ಉಳಿಸಿಕೊಂಡು ಹೊಸಬನನ್ನು ಬಾಗಿಲಲ್ಲಿ ತಡೆಯುತ್ತದೆ. ಸೇವೆಯನ್ನು ಕಟ್ಟುವವನು ತನ್ನ ಕೃತಿಕಾರರು ಯಾರೆಂಬುದನ್ನು ಮೊದಲು ನಿಶ್ಚಯಿಸಿಕೊಳ್ಳದೆ ಬೆಲೆಯನ್ನು ನಿಶ್ಚಯಿಸಲಾರನೆಂಬುದು ಇದರಿಂದ ವಿದಿತವಾಗುತ್ತದೆ.

೫. ಹೊರಗಿನ ಬಂಡವಾಳ ಮತ್ತು ಒಡೆತನ

ಬಳಕೆದಾರನು ಬೆಲೆ ಕೊಡದಿದ್ದಲ್ಲಿ, ಅಥವಾ ಕೊಟ್ಟುದು ಸಾಲದಿದ್ದಲ್ಲಿ, ಎಣ್ಣೆ ಬೇರೆಲ್ಲಿಂದಲೋ ಬರಬೇಕು. ಸಾಹಿಲ್ ಲವಿಂಗಿಯಾ ಅವರು ೨೦೧೧ರಲ್ಲಿ ತೆರೆದ ಗಮ್‌ರೋಡ್, ಲೇಖಕರೂ ಚಿತ್ರಕಾರರೂ ತಮ್ಮ ಕೃತಿಗಳನ್ನು ನೇರವಾಗಿ ಮಾರಲು ಅನುಕೂಲ ಕಲ್ಪಿಸಿದ ಸೇವೆ. ಅದು ೨೦೧೧–೧೨ರಲ್ಲಿ ಹೂಡಿಕೆದಾರರಿಂದ ೮೦ ಲಕ್ಷ ಡಾಲರಿಗೆ ಮೀರಿದ ಬಂಡವಾಳವನ್ನು ಪಡೆಯಿತು. ಹೂಡಿಕೆದಾರರು ನಿರೀಕ್ಷಿಸಿದ ವೇಗದಲ್ಲಿ ಅದು ಬೆಳೆಯಲಿಲ್ಲ. ೨೦೧೫ರಲ್ಲಿ ಕೆಲಸಗಾರರಲ್ಲಿ ಮುಕ್ಕಾಲು ಪಾಲು ಜನರನ್ನು ಬಿಡಬೇಕಾಗಿ, ಅನಂತರ ಕೆಲವು ಕಾಲ ಬಹುಮಟ್ಟಿಗೆ ಒಬ್ಬರೇ ಅದನ್ನು ನಡೆಯಿಸಿದರು. ಮುಖ್ಯ ಹೂಡಿಕೆದಾರರಾಗಿದ್ದ ಕ್ಲೈನರ್ ಪರ್ಕಿನ್ಸ್ ೨೦೧೭ರಲ್ಲಿ ತಮ್ಮ ಪಾಲನ್ನು ಒಂದು ಡಾಲರಿಗೆ ಹಿಂದಿರುಗಿಸಿದರು. ಗಮನಿಸಬೇಕಾದುದೇನೆಂದರೆ, ಸೇವೆಯು ಈ ಕಾಲದಲ್ಲಿ ಕೃತಿಕಾರರಿಗೆ ನಿಷ್ಪ್ರಯೋಜಕವಾಗಿರಲಿಲ್ಲ. ಅವರು ಅದರ ಮೂಲಕ ಮಾರುತ್ತಲೇ ಇದ್ದರು. ಸಣ್ಣ ವೃತ್ತಿಯಾಗಿ ಚೆನ್ನಾಗಿ ನಡೆಯಬಹುದಾಗಿದ್ದುದು ದೊಡ್ಡ ಉದ್ಯಮದ ಅಳತೆಯಲ್ಲಿ ಸೋಲೆನಿಸಿತು.

ಟೈನಿಲೆಟರ್ ಎಂಬ ಸುದ್ದಿಪತ್ರ ಸೇವೆಯ ಗತಿ ಇನ್ನೂ ಸರಳವಾದುದು. ೨೦೧೦ರಲ್ಲಿ ಹುಟ್ಟಿದ ಇದನ್ನು ಮೇಲ್‌ಚಿಂಪ್ ಸಂಸ್ಥೆಯು ೨೦೧೧ರಲ್ಲಿ ಕೊಂಡು ಉಚಿತವಾಗಿ ನಡೆಯಿಸಿತು. ಎಷ್ಟೋ ಲೇಖಕರು ತಮ್ಮ ಓದುಗರಿಗೆ ಇದರಿಂದಲೇ ಪತ್ರ ಬರೆಯುತ್ತಿದ್ದರು. ೨೦೨೧ರಲ್ಲಿ ಮೇಲ್‌ಚಿಂಪ್ ತಾನೇ ಇನ್ಟ್ಯೂಟ್ ಸಂಸ್ಥೆಗೆ ಮಾರಾಟವಾಯಿತು. ೨೦೨೪ರ ಫೆಬ್ರವರಿ ೨೯ರಂದು ಟೈನಿಲೆಟರ್ ಮುಚ್ಚಲ್ಪಟ್ಟಿತು. ಹಣವನ್ನೇ ಕೊಡದ ಬಳಕೆದಾರನಿಗೆ ತಕರಾರು ಹೇಳಲು ಆಧಾರವೂ ಇರುವುದಿಲ್ಲ.

ಆದರೆ ಬೆಲೆ ಕೊಟ್ಟ ಮಾತ್ರಕ್ಕೆ ಭದ್ರತೆ ಬರುವುದೆಂದು ತೀರ್ಮಾನಿಸಿದರೆ ತಪ್ಪಾದೀತು. ಮೊದಲಿನಿಂದಲೂ ಚಂದಾ ಪಡೆಯುತ್ತಿದ್ದ ಟೈಪ್‌ಪ್ಯಾಡ್ ಎಂಬ ಬ್ಲಾಗುಗಳ ಸೇವೆ ೨೦೦೩ರಲ್ಲಿ ತೆರೆದು, ಹಲವರ ಕೈದಾಟಿ, ೨೦೨೫ರ ಸೆಪ್ಟೆಂಬರ್ ೩೦ರಂದು ನಿಂತಿತು. ಬ್ಯಾಂಡ್‌ಕ್ಯಾಂಪ್ ೨೦೨೨ರಲ್ಲಿ ಎಪಿಕ್ ಗೇಮ್ಸ್ ಸಂಸ್ಥೆಗೂ ೨೦೨೩ರಲ್ಲಿ ಸಾಂಗ್‌ಟ್ರೇಡರ್ ಸಂಸ್ಥೆಗೂ ಮಾರಾಟವಾಗಿ, ಎರಡನೆಯ ಮಾರಾಟದಲ್ಲಿ ಸುಮಾರು ಅರ್ಧದಷ್ಟು ಕೆಲಸಗಾರರು ಕೆಲಸ ಕಳೆದುಕೊಂಡರು. ಬೆಲೆಯ ಒಡಂಬಡಿಕೆಯನ್ನು ಮಾಡಿಕೊಂಡ ಒಡೆಯನೇ ಬದಲಾದರೆ ಒಡಂಬಡಿಕೆಯ ಗತಿಯೇನೆಂಬ ಪ್ರಶ್ನೆ ಇಲ್ಲಿ ಏಳುತ್ತದೆ. ಇದಕ್ಕೆ ಒಂದು ಉತ್ತರವನ್ನು ಘೋಸ್ಟ್ ಎಂಬ ಪ್ರಕಟಣ ತಂತ್ರಾಂಶದಲ್ಲಿ ಕಾಣಬಹುದು. ಜಾನ್ ಓನೋಲನ್ ಮತ್ತು ಹಾನಾ ವುಲ್ಫ್ ಅವರು ೨೦೧೩ರಲ್ಲಿ ೨೫,೦೦೦ ಪೌಂಡುಗಳ ಗುರಿಯಿಟ್ಟು ಸಾರ್ವಜನಿಕರಲ್ಲಿ ಹಣ ಕೋರಿದಾಗ ಸುಮಾರು ೧,೯೬,೦೦೦ ಪೌಂಡುಗಳು ಕೂಡಿದವು. ಸಂಸ್ಥೆಯನ್ನು ಲಾಭರಹಿತ ಪ್ರತಿಷ್ಠಾನವಾಗಿ ರಚಿಸಿ, ತಂತ್ರಾಂಶದ ಮೂಲವನ್ನು ಎಲ್ಲರಿಗೂ ತೆರೆದಿಟ್ಟು, ಅದನ್ನು ತಮ್ಮ ಗಣಕಗಳಲ್ಲಿ ನಡೆಯಿಸಿಕೊಡುವುದಕ್ಕೆ ಚಂದಾ ಪಡೆಯುತ್ತ, ಲೇಖಕರ ಆದಾಯದಲ್ಲಿ ಪಾಲನ್ನು ತೆಗೆದುಕೊಳ್ಳದ ಕ್ರಮವನ್ನು ಅವರು ಅನುಸರಿಸಿದರು. ಸಂಸ್ಥೆಯು ಮುಚ್ಚಿದರೂ ತಂತ್ರಾಂಶವನ್ನು ಬೇರೆಯವರು ನಡೆಯಿಸಬಹುದು.

೬. ಹಣದ ದಾರಿಯ ಸುಂಕ

ಬೆಲೆಯನ್ನು ಕಟ್ಟುವವನು ಸ್ವತಂತ್ರನೆಂದು ಹೇಳಿಕೊಂಡರೂ, ಹಣವು ಅವನಲ್ಲಿಗೆ ಬರುವ ದಾರಿಯಲ್ಲಿ ಸುಂಕದ ಕಟ್ಟೆಗಳಿವೆ. ಅಮೆರಿಕದಲ್ಲಿ ಸ್ಟ್ರೈಪ್ ಮೊದಲಾದ ಪಾವತಿ ಸಂಸ್ಥೆಗಳು ಕಾರ್ಡಿನ ಪ್ರತಿಯೊಂದು ಪಾವತಿಗೂ ಸಾಮಾನ್ಯವಾಗಿ ಶೇಕಡಾ ೨.೯ ಮತ್ತು ಅದರ ಮೇಲೆ ೩೦ ಸೆಂಟುಗಳನ್ನು ಪಡೆಯುತ್ತವೆ. ಇದರಂತೆ ಒಂದು ಡಾಲರಿನ ಪಾವತಿಯಲ್ಲಿ ಸುಮಾರು ೩೩ ಸೆಂಟುಗಳು, ಎಂದರೆ ಮೂರನೆಯ ಒಂದು ಭಾಗ, ದಾರಿಯಲ್ಲಿಯೇ ಕಳೆಯುತ್ತದೆ. ೫ ಡಾಲರಿನಲ್ಲಿ ೪೪.೫ ಸೆಂಟು, ಎಂದರೆ ಶೇಕಡಾ ೮.೯. ವರ್ಷಕ್ಕೊಮ್ಮೆ ೬೦ ಡಾಲರು ಪಡೆದರೆ ಸುಂಕವು ೨ ಡಾಲರು ೪ ಸೆಂಟು, ಶೇಕಡಾ ೩.೪ ಮಾತ್ರ. ಅದನ್ನೇ ಹನ್ನೆರಡು ತಿಂಗಳ ಕಂತಿನಲ್ಲಿ ಪಡೆದರೆ ೫ ಡಾಲರು ೩೪ ಸೆಂಟುಗಳಾಗುವುದು. ಸಣ್ಣ ಸೇವೆಗಳು ವಾರ್ಷಿಕ ಚಂದಾಕ್ಕೆ ರಿಯಾಯಿತಿ ಕೊಡುವುದರ ಕಾರಣಗಳಲ್ಲಿ ಇದೊಂದು.

ಸುಂಕದ ಕಟ್ಟೆಯವನಿಗೆ ಹಣವನ್ನು ಪಡೆಯುವುದರ ಜೊತೆಗೆ ದಾರಿಯನ್ನು ತಡೆಯುವ ಅಧಿಕಾರವೂ ಉಂಟು. ೨೦೨೫ರ ಜುಲೈಯಲ್ಲಿ ಪಾವತಿ ಸಂಸ್ಥೆಗಳ ಒತ್ತಾಯದಿಂದ ಇಚ್ ಡಾಟ್ ಐಓ ತಾಣವು ವಯಸ್ಕರಿಗೆ ಮೀಸಲಾದ ಕೃತಿಗಳನ್ನು ತನ್ನ ಹುಡುಕುವ ಪಟ್ಟಿಯಿಂದ ತೆಗೆಯಬೇಕಾಯಿತು. ಮಾರುವವನೇ ಪಾಲನ್ನು ನಿರ್ಧರಿಸಲೆಂದು ಬಿಟ್ಟಿದ್ದ ತಾಣವೂ ಈ ವಿಷಯದಲ್ಲಿ ಪರಾಧೀನವಾಗಿತ್ತು. ಆ ಕೃತಿಗಳ ಗುಣದೋಷಗಳ ವಿಚಾರ ಹೇಗಾದರೂ ಇರಲಿ, ಯಾವುದು ಪ್ರಕಟವಾಗಿ ಕಾಣಬೇಕೆಂಬುದನ್ನು ಓದುಗನೂ ಲೇಖಕನೂ ಅಲ್ಲದ ಮೂರನೆಯವನು ನಿರ್ಧರಿಸಿದುದು ಚಿಂತಿಸತಕ್ಕ ವಿಷಯ.

೭. ಬೆಲೆಯ ಬದಲಾವಣೆ ಮತ್ತು ಪ್ರತಿಭಟನೆ

ಇ. ಪಿ. ಥಾಮ್ಸನ್ ಅವರು ಹದಿನೆಂಟನೆಯ ಶತಮಾನದ ಇಂಗ್ಲೆಂಡಿನ ಧಾನ್ಯ ಗಲಭೆಗಳನ್ನು ಕುರಿತು ೧೯೭೧ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ, ಆ ಗಲಭೆಗಳನ್ನು ಹಸಿವೆಯ ಕುರುಡು ಉದ್ರೇಕವೆಂದು ಬಗೆಯಬಾರದೆಂದೂ, ನ್ಯಾಯವಾದ ಬೆಲೆ ಯಾವುದೆಂಬ ಬಗ್ಗೆ ಜನರಲ್ಲಿ ನೆಲೆಯೂರಿದ್ದ ನೈತಿಕ ಕಲ್ಪನೆಯ ಭಂಗವೇ ಅವುಗಳ ಹಿಂದಿತ್ತೆಂದೂ ಪ್ರತಿಪಾದಿಸಿದರು. ನಮ್ಮ ವಿಷಯಕ್ಕೂ ಇದು ಅನ್ವಯಿಸುತ್ತದೆಂದು ಈ ಲೇಖಕನ ಅಭಿಪ್ರಾಯ.

ಎರಡು ಪ್ರಸಂಗಗಳನ್ನು ನೋಡೋಣ. ಬೆನ್ ಮತ್ತು ಮೀನಾ ಟ್ರಾಟ್ ದಂಪತಿಗಳು ೨೦೦೧ರಲ್ಲಿ ಹೊರತಂದ ಮೂವಬಲ್ ಟೈಪ್ ಎಂಬ ಬ್ಲಾಗು ತಂತ್ರಾಂಶ ಸ್ವಂತ ಬಳಕೆಗೆ ಉಚಿತವಾಗಿದ್ದು, ಇಷ್ಟವಿದ್ದವರು ಕಾಣಿಕೆ ಕೊಡುತ್ತಿದ್ದರು. ೨೦೦೪ರ ಮೇ ತಿಂಗಳಲ್ಲಿ ಮೂರನೆಯ ಆವೃತ್ತಿಯೊಡನೆ ಬ್ಲಾಗುಗಳ ಮತ್ತು ಲೇಖಕರ ಸಂಖ್ಯೆಗೆ ತಕ್ಕಂತೆ ಬೆಲೆಯನ್ನು ಗೊತ್ತುಮಾಡಲು, ಬಳಕೆದಾರರಲ್ಲಿ ದೊಡ್ಡ ಕೋಲಾಹಲವೆದ್ದಿತು. ಸಂಸ್ಥೆಯು ನಿಬಂಧನೆಗಳನ್ನು ಸಡಿಲಿಸಿದರೂ ಅನೇಕರು, ೨೦೦೩ರಲ್ಲಿ ಹುಟ್ಟಿ ಮೂಲವನ್ನು ತೆರೆದಿಟ್ಟಿದ್ದ ವರ್ಡ್‌ಪ್ರೆಸ್ಸಿಗೆ ಹೋದರು. ಎರಡನೆಯದು ೨೦೧೩ರಲ್ಲಿ ಹುಟ್ಟಿದ ಪೇಟ್ರಿಯಾನ್ ಸೇವೆಯದು. ಇಲ್ಲಿ ಅಭಿಮಾನಿಗಳು ಕೃತಿಕಾರರಿಗೆ ಸಣ್ಣ ಸಣ್ಣ ಮಾಸಿಕ ಸಹಾಯಗಳನ್ನು ಸಲ್ಲಿಸುತ್ತಾರೆ. ೨೦೧೭ರ ಡಿಸೆಂಬರ್ ಮೊದಲ ವಾರದಲ್ಲಿ, ಇನ್ನು ಮುಂದೆ ಪ್ರತಿಯೊಂದು ಸಹಾಯದ ಮೇಲೂ ಶೇಕಡಾ ೨.೯ ಮತ್ತು ೩೫ ಸೆಂಟುಗಳನ್ನು ಅಭಿಮಾನಿಯೇ ಕೊಡಬೇಕೆಂದು ಪ್ರಕಟವಾಯಿತು. ಹತ್ತು ಮಂದಿ ಕೃತಿಕಾರರಿಗೆ ಒಂದೊಂದು ಡಾಲರು ಕೊಡುತ್ತಿದ್ದವನ ತಿಂಗಳ ವೆಚ್ಚ ೧೦ ಡಾಲರಿನಿಂದ ಸುಮಾರು ೧೩ ಡಾಲರು ೮೦ ಸೆಂಟಿಗೆ ಏರುತ್ತಿತ್ತು. ಅಭಿಮಾನಿಗಳು ಸಹಾಯವನ್ನು ಹಿಂತೆಗೆಯತೊಡಗಿದರು. ಅದೇ ತಿಂಗಳ ೧೩ರಂದು ಸಂಸ್ಥೆಯು ಕ್ಷಮೆ ಕೋರಿ ಯೋಜನೆಯನ್ನು ಕೈಬಿಟ್ಟಿತು.

ಈ ಎರಡರಲ್ಲಿಯೂ ಹಣದ ಮೊತ್ತ ದೊಡ್ಡದಲ್ಲ. ಮೊದಲನೆಯದರಲ್ಲಿ ಕಾಣಿಕೆಯಾಗಿದ್ದುದು ತೆರಿಗೆಯಾಯಿತು. ಎರಡನೆಯದರಲ್ಲಿ ಅಲ್ಪ ಸಹಾಯ ಮಾಡುವ ಬಡ ಅಭಿಮಾನಿಯ ಮೇಲೆಯೇ ಹೆಚ್ಚಿನ ಭಾರ ಬಿದ್ದಿತು. ಇದಕ್ಕೆ ಪ್ರತಿಯಾಗಿ ಪಿನ್‌ಬೋರ್ಡಿನ ಬದಲಾವಣೆಯಲ್ಲಿ ಹಿಂದೆ ಹಣ ಕೊಟ್ಟವರಿಗೆ ಕೊಟ್ಟ ಮಾತು ಉಳಿದು, ಹೊಸ ದರವು ಹೊಸಬರಿಗೆ ಮಾತ್ರ ಅನ್ವಯಿಸಿತು. ಅಲ್ಲಿ ಕೋಲಾಹಲವಾಗದಿರಲು ಕಾರಣ ಬಹುಶಃ ಇದೇ. ಹಳೆಯ ಬೆಲೆಯೆಂಬುದು ಬಳಕೆದಾರನ ದೃಷ್ಟಿಯಲ್ಲಿ ಕೊಟ್ಟ ವಾಗ್ದಾನವಾಗಿರುತ್ತದೆ.

೮. ನಮ್ಮಲ್ಲಿನ ಸ್ಥಿತಿ

ಕನ್ನಡಿಗರಿಗೆ ಈ ಚರಿತ್ರೆ ದೂರದ್ದಲ್ಲ. ಶೇಷಾದ್ರಿವಾಸು ಅವರು ೧೯೯೮ರಲ್ಲಿ ಹೊರತಂದ 'ಬರಹ' ತಂತ್ರಾಂಶ ಅನೇಕ ವರ್ಷ ಉಚಿತವಾಗಿ ದೊರೆತು, ಕನ್ನಡ ಲೇಖಕರನ್ನು ಗಣಕಕ್ಕೆ ಕರೆತಂದ ಸಾಧನಗಳಲ್ಲಿ ಪ್ರಮುಖವಾಯಿತು. ಮುಂದೆ ಅದೂ ಬೆಲೆಯುಳ್ಳ ತಂತ್ರಾಂಶವಾಯಿತು. ಈ ಶತಮಾನದ ಮೊದಲ ದಶಕದಲ್ಲಿ ಅರಳಿದ ಕನ್ನಡ ಬ್ಲಾಗುಗಳಲ್ಲಿ ಬಹುಪಾಲು ನೆಲೆಸಿದುದು ಬ್ಲಾಗರ್ ಮತ್ತು ವರ್ಡ್‌ಪ್ರೆಸ್ ತಾಣಗಳ ಉಚಿತ ಪುಟಗಳಲ್ಲಿ. ಉಚಿತವಾಗಿದ್ದುದರಿಂದಲೇ ವಿದ್ಯಾರ್ಥಿಗಳೂ ಗೃಹಿಣಿಯರೂ ಹೊರದೇಶಗಳಲ್ಲಿದ್ದವರೂ ಸಂಪಾದಕರ ಅಪ್ಪಣೆಗೆ ಕಾಯದೆ ಬರೆದರು. ಬೆಲೆಯ ಪರವಾಗಿ ವಾದಿಸುವವನು ಈ ಉಪಕಾರವನ್ನು ಮರೆತರೆ ಚರಿತ್ರೆಗೆ ಅನ್ಯಾಯ ಮಾಡಿದಂತಾಗುವುದು. ಆದರೆ ಆ ಬರವಣಿಗೆಯೆಲ್ಲ ಬೇರೆಯವರ ಮನೆಯ ಜಗುಲಿಯಲ್ಲಿದೆಯೆಂಬುದೂ ಅಷ್ಟೇ ನಿಜ.

ಬೆಲೆ ಕೊಡಲು ಸಿದ್ಧರಾದವರಿಗೂ ನಮ್ಮಲ್ಲಿ ಬೇರೆ ತೊಡಕುಗಳು ಎದುರಾದವು. ಕಾರ್ಡಿನಿಂದ ತಾನಾಗಿ ಕಳೆಯುವ ಮರುಕಳಿಸುವ ಪಾವತಿಗಳಿಗೆ ಹೆಚ್ಚಿನ ದೃಢೀಕರಣ ಬೇಕೆಂಬ ರಿಸರ್ವ್ ಬ್ಯಾಂಕಿನ ನಿಯಮವು ೨೦೨೧ರ ಅಕ್ಟೋಬರ್ ೧ರಿಂದ ಜಾರಿಗೆ ಬಂದಾಗ, ಹೊರದೇಶದ ಸೇವೆಗಳಿಗೆ ಸಲ್ಲುತ್ತಿದ್ದ ಎಷ್ಟೋ ಚಂದಾಗಳು ನಿಂತುಹೋದವು. ಮೊದಲು ೫,೦೦೦ ರೂಪಾಯಿಗಳಿದ್ದ ಮಿತಿಯನ್ನು ೨೦೨೨ರ ಜೂನಿನಲ್ಲಿ ೧೫,೦೦೦ಕ್ಕೆ ಏರಿಸಲಾಯಿತು. ಗ್ರಾಹಕನ ರಕ್ಷಣೆಗಾಗಿ ಮಾಡಿದ ನಿಯಮವಿದು. ಅದಕ್ಕೆ ತಕ್ಕ ಏರ್ಪಾಡು ಮಾ಩ಿಕೊಳ್ಳಲು ದೊಡ್ಡ ಸಂಸ್ಥೆಗೆ ಜನಬಲವಿತ್ತು, ಒಬ್ಬರೇ ನಡೆಯಿಸುವ ಸೇವೆಗೆ ಇರಲಿಲ್ಲ. ಮತ್ತೊಂದು ಕಡೆ ೨೦೧೬ರಲ್ಲಿ ಪ್ರಾರಂಭವಾದ ಯುಪಿಐ ಪದ್ಧತಿಯೂ ೨೦೨೦ರಲ್ಲಿ ಅದಕ್ಕೆ ಸೇರಿದ ಮರುಕಳಿಸುವ ಪಾವತಿಯ ಅನುಕೂಲವೂ ಹತ್ತಿಪ್ಪತ್ತು ರೂಪಾಯಿಗಳ ಪಾವತಿಯನ್ನು ಸುಲಭಗೊಳಿಸಿವೆ. ಒಂದು ಡಾಲರಿನಲ್ಲಿ ಮೂರನೆಯ ಒಂದು ಭಾಗವನ್ನು ನುಂಗುವ ಸುಂಕದ ತೊಡಕು ಇಲ್ಲಿ ಬಹುಮಟ್ಟಿಗೆ ನೀಗಿದೆ. ಕನ್ನಡದ ಸಣ್ಣ ಪತ್ರಿಕೆಗಳು ವಾರ್ಷಿಕ ಚಂದಾದ ಮೇಲೆ ಬಾಳಿದ ನಾಡಿನಲ್ಲಿ, ಕನ್ನಡ ಲೇಖಕರಿಗಾಗಿಯೇ ಅಂತಹ ಸೇವೆಯೊಂದನ್ನು ಕಟ್ಟಲು ಇಚ್ಛಿಸುವವರಿಗೆ ಇದು ಹಿಂದೆಂದೂ ಇಲ್ಲದ ಅನುಕೂಲ.

೯. ಉಪಸಂಹಾರ

ಮೇಲಿನ ವಿವೇಚನೆಯಿಂದ ಕೆಲವು ನಿರ್ಣಯಗಳಿಗೆ ಬರಬಹುದು. ನಿತ್ಯ ವೆಚ್ಚವುಳ್ಳ ಸೇವೆಗೆ ನಿತ್ಯ ಆದಾಯ ಬೇಕು. ಕಾಣಿಕೆಯಾಗಲಿ ಒಂದೇ ಸಲದ ಬೆಲೆಯಾಗಲಿ ಅದಕ್ಕೆ ಸಾಲದು. ಪಾಲು ಮತ್ತು ಚಂದಾ ಎರಡರಲ್ಲಿ ಯಾವುದು ಲೇಸೆಂಬುದಕ್ಕೆ ಸಾರ್ವತ್ರಿಕವಾದ ಉತ್ತರವಿಲ್ಲ. ಕೃತಿಕಾರನು ಹೊಸಬನೋ ಬೆಳೆದವನೋ ಎಂಬುದನ್ನು ಅದು ಅವಲಂಬಿಸಿದೆ. ಬೆಲೆಯನ್ನು ಏರಿಸುವಾಗ ಹಿಂದೆ ಕೊಟ್ಟ ಮಾತನ್ನು ಉಳಿಸಿಕೊಂಡವರು ಬಳಕೆದಾರರನ್ನೂ ಉಳಿಸಿಕೊಂಡರು. ಕೊನೆಯದಾಗಿ, ಬೆಲೆಯು ಅಗತ್ಯವಾದರೂ ಅದೊಂದೇ ಸಾಲದು. ಒಡೆಯನು ಬದಲಾದರೂ ಬರವಣಿಗೆಯನ್ನು ಹಿಂದಕ್ಕೆ ಪಡೆದು ಬೇರೆಡೆಗೆ ಒಯ್ಯುವ ಹಕ್ಕು ಬಳಕೆದಾರನಿಗೆ ಇರಬೇಕು.

ಇವು ಸೇವೆಯನ್ನು ಕಟ್ಟುವವರಿಗೆ ಸಂಬಂಧಿಸಿದ ಮಾತುಗಳು. ಚರಿತ್ರೆಯ ವಿದ್ಯಾರ್ಥಿಗಳಾದ ನಮಗೂ ಇದರಲ್ಲಿ ಒಂದು ಕರ್ತವ್ಯವಿದೆ. ಹಳೆಯ ಕಡತಗಳನ್ನು ಗೆದ್ದಲಿನಿಂದ ಕಾಪಾಡುವ ಬಗ್ಗೆ ನಾವು ಯೋಚಿಸುತ್ತೇವೆ. ಕಳೆದ ಇಪ್ಪತ್ತು ವರ್ಷಗಳ ಕನ್ನಡ ಬ್ಲಾಗುಗಳು ಯಾವ ಗಣಕದಲ್ಲಿವೆ, ಆ ಗಣಕದ ಬಾಡಿಗೆಯನ್ನು ಯಾರು ತೆರುತ್ತಿದ್ದಾರೆ, ಅವರು ತೆರದೆ ಬಿಟ್ಟ ದಿನ ಏನಾದೀತು ಎಂಬುದನ್ನೂ ಯೋಚಿಸುವ ಕಾಲ ಬಂದಿದೆ. ವಿಶ್ವವಿದ್ಯಾನಿಲಯಗಳ ಗ್ರಂಥಾಲಯಗಳು ಅಂತಹ ಬ್ಲಾಗುಗಳ ಪಟ್ಟಿಯೊಂದನ್ನು ಸಿದ್ಧಪಡಿಸಿ, ಲೇಖಕರ ಒಪ್ಪಿಗೆ ಪಡೆದು ಪ್ರತಿಗಳನ್ನು ತೆಗೆದಿಡುವುದು ಅಸಾಧ್ಯವಾದ ಕೆಲಸವೇನಲ್ಲ. ಅದಕ್ಕೂ ಹಣ ಬೇಕಾಗುತ್ತದೆ. ಆ ಹಣವು ಯಾವ ಬಾಬಿನಿಂದ ಬರತಕ್ಕುದೆಂಬುದನ್ನು ಮೊದಲೇ ಬರೆದಿಟ್ಟು ಪ್ರಾರಂಭಿಸುವುದು ಒಳ್ಳೆಯದು.